ಸಣ್ಣ ಗುಂಡಿನ ಮನೆ

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ನಮ್ಮ ಮನೆಗೊಂದು ಅಡ್ಡಹೆಸರಿದೆ. ಎದುರಿಗೆ ಯಾರೂ ಅನ್ನುವುದಿಲ್ಲ, ನಾವು ತಿರುವಿನಲ್ಲಿ ಮರೆಯಾದ ಮೇಲೆ ಅನ್ನುತ್ತಾರೆ. ಹೊಸದಾಗಿ ಬಂದ ಪೋಸ್ಟ್‌ಮನ್ ಒಬ್ಬ ಮಾತ್ರ, ಪಾಪ, ಗೊತ್ತಿಲ್ಲದೆ ಬಾಗಿಲಲ್ಲೇ ನಿಂತು ಕೇಳಿಬಿಟ್ಟ: "ಸಣ್ಣ ಗುಂಡಿನವರ ಮನಿ ಇದೇ ಏನ್ರಿ?" ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಮಾವ ಅದನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮುಚ್ಚಿಕೊಂಡರು. ನಾನೇ ಹಿಟ್ಟಿನ ಕೈಯಲ್ಲಿ ಎದ್ದು ಹೋಗಿ, "ಹೌದಪ್ಪ, ಇದೇ" ಅಂದು ಕಾಗದ ಇಸಿದುಕೊಂಡೆ. ಇನ್ನೇನು ಹೇಳಲಿ? ಇದೇ ಹೌದು.

ನನ್ನ ತವರು ಹುಮನಾಬಾದ. ತೊಂಬತ್ತರ ದಶಕದ ಮೊದಲಲ್ಲಿ ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಮೋರಖಂಡಿ ದಾರಿಯ ಹೊಲದಲ್ಲಿ ಜೋಳ, ತೊಗರಿ, ಉದ್ದು ಇಷ್ಟೇ ಬೆಳೆಯುತ್ತಿದ್ದರು. ಆಮೇಲೆ ಬೋರಿನಲ್ಲಿ ನೀರು ಬಿತ್ತು. ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾಡುಹಂದಿ ಬಂದವು. ಓಣಿಯಲ್ಲಿ ಓಡಾಡುವ ಹಂದಿಯನ್ನಷ್ಟೇ ನೋಡಿದ್ದ ನಾನು ಅವನ್ನು ಹಗುರವಾಗಿ ತಿಳಿದಿದ್ದೆ. ಒಂದು ಸಂಜೆ ಹೊಲದ ಬದುವಿನ ಮೇಲೆ ನಿಂತಿದ್ದ ಗಂಡುಹಂದಿಯನ್ನು ಕಂಡ ಮೇಲೆ ಆ ಎಣಿಕೆ ಬಿಟ್ಟೆ. ಎಮ್ಮೆಯ ಕರುವಿನಷ್ಟು ಎತ್ತರ, ಬೆನ್ನುದ್ದಕ್ಕೂ ನೆಟ್ಟಗೆ ನಿಂತ ಕೂದಲು, ಹೆಗಲ ಮೇಲೆ ಒಣಗಿದ ಕೆಸರು, ಬಾಯಿಯ ಎರಡೂ ಕಡೆ ಮೇಲಕ್ಕೆ ಬಾಗಿದ ಕೋರೆ. ಅದು ನಮ್ಮನ್ನು ನೋಡಿ ಓಡಲಿಲ್ಲ. ನಾವೇ ಓಡಿದೆವು.

ಹಂದಿಯನ್ನು ಹೆದರಿಸಲು ಏನು ಮಾಡಿದೆವೆಂದು ಕೇಳಬೇಡಿ. ಪಟಾಕಿ ಹಚ್ಚಿದೆವು, ಖಾಲಿ ಡಬ್ಬಿ ಬಡಿದೆವು. ಹೊಲದ ಸುತ್ತ ಹಳೆಯ ಸೀರೆ ಕಟ್ಟಿದರೆ ಮನುಷ್ಯರ ವಾಸನೆಗೆ ಬರುವುದಿಲ್ಲ ಎಂದು ಯಾರೋ ಹೇಳಿದರು. ಅತ್ತೆಯ ಸೀರೆ ಸಾಲದೆ ನನ್ನ ಪೆಟ್ಟಿಗೆಗೂ ಕೈ ಹಾಕಿದರು. ತವರಿನಿಂದ ತಂದ ಹಸಿರು ಸೀರೆಯೊಂದು ಬೇಲಿಯಾಗಿ, ಮರುದಿನ ಬೆಳಿಗ್ಗೆ ಅದರ ಸೆರಗು ಕಬ್ಬಿನ ನಡುಮಧ್ಯ ಸಿಕ್ಕಿತು. ಹಂದಿ ಅದನ್ನು ಉಟ್ಟುಕೊಂಡೇ ಊಟಕ್ಕೆ ಕುಳಿತಿತ್ತು ಎಂದು ನಾನು ಗಂಡನಿಗೆ ಹೇಳಿದೆ. ಅವರಿಗೆ ನಗು ಬರಲಿಲ್ಲ, ಕಾಲು ಭಾಗ ಕಬ್ಬು ಮಲಗಿತ್ತು.

ಕೊನೆಗೆ ಬಂದೂಕು ತರುವುದೆಂದಾಯಿತು. ಬೆಳೆ ಕಾಯಲು ಬಂದೂಕಿನ ಲೈಸೆನ್ಸು, ಹಂದಿ ಹೊಡೆಯಲು ಅರಣ್ಯದವರ ಪರವಾನಗಿ ಎರಡೂ ಸಿಕ್ಕವು. ಅಡಚಣೆ ಬಂದದ್ದು ನಮ್ಮೊಳಗಿನಿಂದಲೇ. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆ. ಮೊಟ್ಟೆ ತಿಂದವನು ಪಕ್ಕದಲ್ಲಿ ಕೂತರೂ ಅತ್ತೆ ಸರಿದು ಕೂಡುತ್ತಿದ್ದರು. ಮಾವ ದಿನಾ ಬೆಳಿಗ್ಗೆ ಅಂಗಳದ ಮೂಲೆಯ ಇರುವೆಗಳಿಗೆ ಸಕ್ಕರೆ ಹಾಕುವ ಮನುಷ್ಯ. ಅದು ತೋರಿಕೆಯದಲ್ಲ, ಯಾರೂ ನೋಡದಿದ್ದಾಗಲೂ ಹಾಕುತ್ತಿದ್ದರು. ಅಂಥವರು ಬಂದೂಕು ಹೇಗೆ ಹಿಡಿದಾರು?

ಕೊಹಿನೂರದಲ್ಲಿ ನನ್ನ ಗಂಡನ ಗೆಳೆಯರೊಬ್ಬರಿದ್ದರು, ಸೈನ್ಯದಲ್ಲಿದ್ದು ನಿವೃತ್ತರಾಗಿ ಬಂದವರು. ಅವರನ್ನು ಕರೆಸಿ ಕೇಳಿದರು. ಅವರು ಸುತ್ತಿಬಳಸದೆ ಹೇಳಿದರು: "ಕಾಕಾ, ಹಂದಿ ಮೇಲೆ ಹಾಕೋದಾದ್ರ ತ್ರೀ ಫಿಫ್ಟೀನ್ ರೈಫಲ್ ತಗೋರಿ. ಗಂಡುಹಂದಿ ಹೆಗಲು ಅಂದ್ರ ಅದು ಚರ್ಮ ಅಲ್ಲ, ಚಪ್ಪಲಿ ಅಟ್ಟಿ ಇದ್ದಂಗ ದಪ್ಪ. ಸಣ್ಣ ಗುಂಡು ಅದರಾಗ ಸಿಕ್ಕೊಂಡು ಕೂಡ್ತದ. ಅದಕ ನೋವು ಆಗ್ತದ, ಸಾವು ಬರಂಗಿಲ್ಲ. ನೋವಾದ ಹಂದಿ ಅಂದ್ರ ಮುಗೀತು."

"ದೊಡ್ಡ ಗುಂಡು ಬಿದ್ರ ಏನಾಗ್ತದ?" ಎಂದು ಮಾವ ಕೇಳಿದರು.

"ಏನಾಗ್ತದ್ರಿ? ನಿಂತಲ್ಲೇ ಬೀಳ್ತದ."

"ನಿಂತಲ್ಲೇ ಅಂದ್ರ ನಮ್ಮ ಹೊಲದಾಗ?"

"ನಿಮ್ಮ ಹೊಲದಾಗ ಮೇಯಾಕತ್ತಿದ್ರ ನಿಮ್ಮ ಹೊಲದಾಗೇ ಬೀಳ್ತದಲ್ರಿ."

ಮಾವನ ಮುಖ ನೋಡಿದ ನನಗೆ ತಿಳಿಯಿತು, ಅವರ ಲೆಕ್ಕ ಬೇರೆಯೇ ನಡೆದಿದೆ. ಸೈನಿಕರು ಹೋದ ಮೇಲೆ ಮೆಲ್ಲಗೆ ಹೊರಬಿತ್ತು. "ಶರಣರ ಊರಿನವರು ನಾವು. ಬೀಜಕ್ಕ ಕೈಮುಗಿದು ಬಿತ್ತೋ ನೆಲ ಅದು. ನಮ್ಮ ಹೊಲದಾಗ ಹೆಣಾ ಬೀಳಬಾರದು. ಒಂದು ಸಣ್ಣದು ತಂದ್ರ ಸಾಕು. ತಾಗ್ತದ, ಹೆದರ್ತದ, ಓಡಿ ಹೋಗ್ತದ. ಮುಂದ ಎಲ್ಯಾರ ಸಾಯಲಿ, ಅದರ ಆಯುಷ್ಯ." ಅತ್ತೆ ಹೌದೆಂದರು. ಗಂಡನೂ ಹೂಂ ಅಂದರು. ಸಣ್ಣ ಗುಂಡಾದರೆ ಪಾಪವೂ ಸಣ್ಣದು, ಅದೂ ಬೇರೆಯವರ ಹೊಲದಲ್ಲಿ ಇಳಿಯುತ್ತದೆ. ಇಂಥ ಲೆಕ್ಕವನ್ನು ನಮ್ಮಂಥ ಮನೆಯವರು ಮಾತ್ರ ಹಾಕಬಲ್ಲರು.

ಹೈದರಾಬಾದಿಗೆ ಬಂದೂಕಿನ ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ. ನಾದಿನಿಯ ಮದುವೆಯ ಸೀರೆಗೆಂದು ನನ್ನನ್ನು ಕರೆದುಕೊಂಡಿದ್ದರು. ಹೆದ್ದಾರಿಯ ಬಂಗ್ಲಾ ಕ್ರಾಸಿನಲ್ಲಿ ಬಸ್ ಹಿಡಿದು ಹೊರಟಾಗಿನಿಂದ ಮಾವ ಯಾರಾದರೂ ಪರಿಚಯದವರು ಹತ್ತಿದರೇ ಎಂದು ಬಾಗಿಲ ಕಡೆಗೇ ಕಣ್ಣಿಟ್ಟಿದ್ದರು. ಅಂಗಡಿಯ ಗಡ್ಡದ ಮುದುಕ ನಮಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಆದರದಿಂದ ಕೇಳಿದ: "ಕ್ಯಾ ಮಾರ್‌ನಾ ಹೈ ಸಾಬ್?" ಏನು ಹೊಡೆಯುವುದು ಎಂಬ ಸರಳ ಪ್ರಶ್ನೆ. ಮಾವನ ಕಿವಿ ಕೆಂಪಾದವು. ಹೊಡೆಯುವುದು ಎಂಬ ಶಬ್ದವೇ ಅವರ ನಾಲಿಗೆಗೆ ಬರಲಿಲ್ಲ. "ಹೊಡಿಯೋದಲ್ರಿ, ಹೆದರ್ಸೋದು" ಎಂದು ಕನ್ನಡದಲ್ಲೇ ಗೊಣಗಿದರು.

ಮುದುಕ ನನ್ನತ್ತ ನೋಡಿದ. ನಾನು ನನಗೆ ಬರುವ ಹಿಂದಿಯಲ್ಲಿ, ಕಬ್ಬಿಗೆ ಹಂದಿ ಬರುತ್ತಿವೆ ಎಂದೆ. ಅವನು ತಕ್ಷಣ ಒಳಗಿನಿಂದ ಉದ್ದನೆಯ, ಭಾರದ ಒಂದು ರೈಫಲ್ ತಂದು ಮೇಜಿನ ಮೇಲಿಟ್ಟ. ಅದರ ತೋಟಾ ನನ್ನ ನಡುಬೆರಳಿನಷ್ಟು ಉದ್ದವಿತ್ತು. ಮಾವ ಅದನ್ನು ಮುಟ್ಟದೆ, ಗೋಡೆಗೆ ನೇತುಹಾಕಿದ್ದ ತೆಳ್ಳನೆಯದೊಂದನ್ನು ತೋರಿಸಿದರು. ಅದು ಪಾಯಿಂಟ್ ಟೂ ಟೂ. ಅದರ ಗುಂಡು ಒಂದು ತೊಗರಿಕಾಳಿನಷ್ಟು. ಮುದುಕ ನಕ್ಕ. ಇದರಿಂದ ಪಾರಿವಾಳ ಹೊಡೆಯಬಹುದು, ಮೊಲ ಹೊಡೆಯಬಹುದು, ಹಂದಿಯ ಮೇಲೆ ಹಾಕಿದರೆ ಹಂದಿಗೆ ಸಿಟ್ಟು ಬರುತ್ತದೆ ಅಷ್ಟೆ ಎಂದ. ನಾನು ಅದನ್ನು ಮಾವನಿಗೆ ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. "ಗೊತ್ತದ ತಗೋ" ಎಂದರು. ಜೀವಮಾನದಲ್ಲಿ ಬಂದೂಕು ಮುಟ್ಟದ ಮನುಷ್ಯನಿಗೆ ಏನು ಗೊತ್ತಿತ್ತೋ!

ಆದರೆ ನಿಜ ಹೇಳಬೇಕೆಂದರೆ ಆ ಸಣ್ಣ ಬಂದೂಕು ನನಗೂ ಹಿಡಿಸಿತು. ನೋಡಲು ಆಟಿಕೆಯ ಹಾಗೆ ಚೆಂದವಿತ್ತು. ನನ್ನ ಅಲಮಾರಿಯ ಸೀರೆಗಳ ಹಿಂದೆ ಅದಕ್ಕೆ ಜಾಗ ಮಾಡಿದೆವು. ಬನ್ನಿಹಬ್ಬಕ್ಕೆ ಕುಡುಗೋಲು, ತಕ್ಕಡಿಯ ಜೊತೆ ಅದನ್ನೂ ಇಟ್ಟು ವಿಭೂತಿ ಹಚ್ಚಿ ಪೂಜೆ ಮಾಡಿದೆ. ಅದು ದೊಡ್ಡದಾಗಿದ್ದರೆ ನನ್ನ ಕೈ ಮುಂದೆ ಬರುತ್ತಿರಲಿಲ್ಲ.

ನಮ್ಮ ಹೊಲಕ್ಕೆ ಕಳೆ ಕೀಳಲು, ಮೇವು ಕೊಯ್ಯಲು ಬರುವ ಹೆಂಗಸರಲ್ಲಿ ನನ್ನ ವಾರಿಗೆಯವಳೊಬ್ಬಳಿದ್ದಳು. ನನ್ನ ಮದುವೆಯಾದ ವರ್ಷವೇ ಅವಳೂ ಈ ಊರಿಗೆ ಸೊಸೆಯಾಗಿ ಬಂದವಳು. ಗಂಡಹೆಂಡಿರಿಬ್ಬರೂ ನಮ್ಮಲ್ಲೇ ದುಡಿಯುತ್ತಿದ್ದರು. ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಸೀರೆಯ ಬೇಲಿ ಕಟ್ಟಿದ ದಿನ, "ಅವ್ವಾರ, ಹಂದಿಗೆ ಸೀರಿ ಕೊಟ್ರಿ, ಒಂದು ಕುಬಸಾನೂ ಕೊಟ್ಟು ಉಡಿ ತುಂಬ್ರಲ್ಲ" ಎಂದು ನಗಿಸಿದವಳು ಅವಳೇ. ನಡಿಗೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತಲೆಯ ಮೇಲೆ ಮೇವಿನ ಹೊರೆ ಇದ್ದಾಗಲೂ ನನಗಿಂತ ಮೊದಲೇ ಊರು ಮುಟ್ಟುತ್ತಿದ್ದಳು.

ಸುಗ್ಗಿಗೆ ಮುಂಚಿನ ಒಂದು ಸಂಜೆ ನನ್ನ ಗಂಡ ಹೊಲದ ಅಟ್ಟಣೆಯ ಮೇಲೆ ಕೂತರು. ಹೊತ್ತು ಮುಳುಗುವ ಮುಂಚೆ ಹಂದಿ ಕಬ್ಬಿನಿಂದ ಹೊರಗೆ ಬಂತಂತೆ. ಗುಂಡು ಹಾರಿಸಿದರು. ಹಂದಿ ಚೀರಿ, ತಿರುಗಿ ಕಬ್ಬಿನೊಳಗೇ ಹೋಯಿತು. ಗಂಡ ನೇರ ಮನೆಗೆ ಬಂದರು. ಅವರು ತಂದೆಯ ಕಿವಿಯಲ್ಲಿ ಏನೋ ಹೇಳಿದರು. ಮಾವ "ಆತು, ಇಷ್ಟೊತ್ತಿಗೆ ನಮ್ಮ ಹೊಲದ ಬಾಂದ ದಾಟಿರ್ತದ" ಎಂದು ಕೈಕಾಲು ತೊಳೆದು ಪೂಜೆಗೆ ಕೂತರು. ಏನಾಯಿತೆಂದು ಕೇಳಿದ ನನಗೆ ಗಂಡ ಹೇಳಿದ್ದು, "ಹೆದರಿ ಓಡಿ ಹೋತು" ಎಂದಷ್ಟೇ. ಗುಂಡು ತಾಗಿದ ಮಾತು ನನ್ನತನಕ ಬರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಬರುವವರ ಓಣಿಗೂ ಹೋಗಲಿಲ್ಲ. ಹೋಗುವುದು ಹೇಗೆ? ಹಂದಿ ಗಾಯಗೊಂಡಿದೆ, ಕಬ್ಬಿನೊಳಗೆ ಹೋಗಬೇಡಿ ಎನ್ನಬೇಕಾದರೆ ಹಂದಿಗೆ ಹೊಡೆದೆವೆಂದೂ ಹೇಳಬೇಕಲ್ಲ. ಲಿಂಗವಂತರ ಮನೆಯವರು ಹಂದಿ ಹೊಡೆದರು ಎಂಬ ಸುದ್ದಿ ಕೇರಿಯಿಂದ ಹೊರಟರೆ ಮಧ್ಯಾಹ್ನದೊಳಗೆ ಹುಮನಾಬಾದ, ಚಿಟಗುಪ್ಪದ ಬೀಗರಿಗೆಲ್ಲ ಮುಟ್ಟುತ್ತಿತ್ತು. ನಾಚಿಕೆಗೆ ಬಾಯಿ ಮುಚ್ಚಿಕೊಂಡರು.

ಬೆಳಿಗ್ಗೆ ಹೆಂಗಸರು ದನಗಳಿಗೆ ಕಬ್ಬಿನ ಸೋಗೆ ತರಲು ಒಳಗೆ ಹೋದರು. ಎಂದಿನಂತೆ ಅವಳೇ ಮುಂದೆ. ಹಂದಿ ಬಾಂದ ದಾಟಿರಲಿಲ್ಲ. ರಾತ್ರಿಯೆಲ್ಲ ನೋವು ತಿಂದು ಸಾಲುಗಳ ನಡುವೆ ಬಿದ್ದಿತ್ತು.

ಅವಳ ತೊಡೆಯನ್ನು ಮೊಳಕಾಲಿನವರೆಗೆ ಅದು ಕೋರೆಯಿಂದ ಸೀಳಿತ್ತು. ನಮ್ಮ ಟ್ರ್ಯಾಕ್ಟರಿನಲ್ಲೇ ಅವಳನ್ನು ಹೆದ್ದಾರಿಗೆ ತಂದು, ಅಲ್ಲಿಂದ ಜೀಪಿನಲ್ಲಿ ಹುಮನಾಬಾದದ ದವಾಖಾನೆಗೆ ಒಯ್ದರು. ಖರ್ಚೆಲ್ಲ ನಮ್ಮದೇ ಎಂದು ಮಾವ ಕೂಡಲೇ ಹೇಳಿದರು. ಊರವರು ದೊಡ್ಡ ಮನುಷ್ಯ ಎಂದರು. ಕಟ್ಟೆಯ ಮೇಲೆ ಸೇರಿದ ಮಂದಿಯ ಮುಂದೆ ಮಾವ, "ಅಡವಿ ಪ್ರಾಣಿ. ಯಾವಾಗ ಏನು ಮಾಡ್ತದೋ ಯಾರಿಗೆ ಗೊತ್ತು" ಎಂದು ನಿಟ್ಟುಸಿರು ಬಿಟ್ಟರು. ನನ್ನ ಗಂಡ ಮಾತ್ರ ಆ ದಿನ ಉಣ್ಣಲಿಲ್ಲ. ಕೋಣೆಗೆ ಹೋಗಿ ಕೇಳಿದಾಗ ಗೋಡೆಯ ಕಡೆ ಮುಖ ಮಾಡಿಕೊಂಡೇ ನನಗೆ ಎಲ್ಲ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. "ಒಂದು ಮಾತು ನನಗರ ಹೇಳಿದ್ರ ನಾ ಕೇರಿಗೆ ಓಡಿ ಹೋಗ್ತಿದ್ದಿಲ್ಲೇನು?" ಎಂದು ಕೂಗಿದೆ. ಆಮೇಲೆ ಓಣಿಗೆ ಕೇಳಿಸೀತೆಂದು ನಾನೇ ದನಿ ತಗ್ಗಿಸಿದೆ. ದನಿ ತಗ್ಗಿಸಿದ್ದು ನೆನಪಾದಾಗ ಈಗಲೂ ನನ್ನ ಮೇಲೆ ನನಗೆ ಹೇಸಿಗೆ ಬರುತ್ತದೆ. ಎರಡು ನಿಮಿಷದಲ್ಲಿ ನಾನೂ ಆ ಮನೆಯವಳಾಗಿದ್ದೆ.

ಗಾಯಗೊಂಡ ಹಂದಿ ಇನ್ನೂ ಕಬ್ಬಿನಲ್ಲೇ ಇತ್ತು. ಮರುದಿನ ಬೆಳಿಗ್ಗೆ ಕೊಹಿನೂರದ ಸೈನಿಕರು ತಮ್ಮ ತ್ರೀ ಫಿಫ್ಟೀನ್ ತೆಗೆದುಕೊಂಡು ಬಂದರು. ಜನರನ್ನೆಲ್ಲ ದೂರ ನಿಲ್ಲಿಸಿ, ಹಂದಿ ಮಗ್ಗುಲಾಗಿ ನಿಲ್ಲುವತನಕ ಕಾದು, ಒಂದೇ ಗುಂಡು ಹಾಕಿದರು. ಅದು ಎರಡು ಹೆಜ್ಜೆಯನ್ನೂ ಇಡದೆ ಕುಸಿಯಿತು. ಬಿದ್ದದ್ದು ನಮ್ಮ ಹೊಲದಲ್ಲೇ, ಬಿತ್ತುವ ಮುಂಚೆ ಬೀಜ ಇಟ್ಟು ಕೈಮುಗಿಯುವ ಬನ್ನಿಮರದ ಹತ್ತಿರವೇ. ಕೇರಿಯವರು ಅದನ್ನು ಬೊಂಬಿಗೆ ಕಟ್ಟಿ ಎತ್ತಿಕೊಂಡು ಹೋಗುವವರೆಗೂ ಮಾವ ಊರ ಕಡೆ ಮುಖ ಮಾಡಿ ನಿಂತಿದ್ದರು.

ಅಂದೇ ಮಧ್ಯಾಹ್ನ, ದವಾಖಾನೆಯಿಂದ ಊರಿಗೆ ಮರಳಿದ್ದ ಅವಳ ಗಂಡ ನಮ್ಮ ಕಟ್ಟೆಗೆ ಬಂದ. ಹಂದಿಯ ಸುದ್ದಿ ಕೇಳಲು ಸೇರಿದ್ದ ಓಣಿಯ ಹಿರಿಯರು ಇನ್ನೂ ಕೂತೇ ಇದ್ದರು, ಸೈನಿಕರೂ ಇದ್ದರು. ಅವನು ಅಂಗಿಯ ಕಿಸೆಯಿಂದ ಕಾಗದದ ಚೂರೊಂದನ್ನು ತೆಗೆದು ಬಿಚ್ಚಿ, ಮಾವನ ಮುಂದೆ ಕಟ್ಟೆಯ ಮೇಲಿಟ್ಟ. ಅದರಲ್ಲಿ ತೊಗರಿಕಾಳಿನಷ್ಟು ಸೀಸ, ಮೂತಿ ಚಪ್ಪಟೆಯಾಗಿತ್ತು. ತೊಳೆದು ತಂದಿದ್ದ.

"ಕೊಯ್ಯುವಾಗ ಹೆಗಲಿನ ಅಟ್ಟಿಯೊಳಗ ಸಿಕ್ತರಿ, ಧಣಿ. ನಿಮ್ಮದಿರಬೇಕ್ರಿ. ಇಟ್ಕೋರಿ."

ಸೈನಿಕರು ಒಮ್ಮೆ ಅದನ್ನು ನೋಡಿ, ಒಮ್ಮೆ ಮಾವನನ್ನು ನೋಡಿ, ಎದ್ದು ಚಪ್ಪಲಿ ಮೆಟ್ಟಿಕೊಂಡರು. ಅವನು ಹೋಗುವವನು ಮೆಟ್ಟಿಲಿಳಿದು ನಿಂತು, ಅದೇ ಮೆತ್ತನೆಯ ದನಿಯಲ್ಲಿ ಹೇಳಿದ: "ಒಂದು ಮಾತು ಹೇಳಿ ಕಳಿಸಿದ್ರ ಆಕಿ ನಿನ್ನೆ ಒಳಗ ಹೋಗ್ತಿದ್ದಿಲ್ರಿ." ಅವನು ಬೈದಿದ್ದರೆ ನಮ್ಮವರಿಗೆ ತಿರುಗಿ ಬೈಯಲು ಬರುತ್ತಿತ್ತು. ಅವನು ಬೈಯಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತು. ಅಂದಿನಿಂದ ನಾವು ಸಣ್ಣ ಗುಂಡಿನವರು.

ದವಾಖಾನೆಗೆ ಊಟ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಹುಮನಾಬಾದದಲ್ಲಿ ನಿನ್ನ ತವರಿದೆ, ಅಲ್ಲೇ ಇದ್ದು ನೋಡಿಕೋ ಎಂದರು. ಮಾತು ಸರಿಯೇ. ಆದರೆ ಅವಳ ಮುಖ ನೋಡುವ ಧೈರ್ಯ ಗಂಡಸರಿಗಿರಲಿಲ್ಲ ಎಂಬುದು ಅದಕ್ಕಿಂತ ಸರಿ. ನಾನು ಜೋಳದ ರೊಟ್ಟಿ, ಬೇಳೆ, ಮೊಸರು ಕಟ್ಟಿಕೊಂಡು ಹೋಗಿ ಅವಳ ಮಂಚದ ಪಕ್ಕ ಕೂಡುತ್ತಿದ್ದೆ. ಮೊದಲ ಕೆಲವು ದಿನ ಅವಳು ಜ್ವರದಲ್ಲಿ ಬಡಬಡಿಸುತ್ತಿದ್ದಳು. ಜ್ವರ ಇಳಿದ ಮೇಲೆ ಅವಳು ಮೊದಲು ಕೇಳಿದ್ದು, "ಪಾದ ಮ್ಯಾಲೆತ್ತಾಕ ಬರವಲ್ದರಿ ಅವ್ವಾರ, ಬರ್ತದಲ್ರಿ?" ಎಂದು. ಬರ್ತದ ಬರ್ತದ ಎಂದೆ. ನರ ಹರಿದಿದೆ, ಪಾದ ಇನ್ನು ಹಾಗೇ ಎಳೆಯುತ್ತದೆ ಎಂದು ಡಾಕ್ಟರು ಆ ಬೆಳಿಗ್ಗೆಯೇ ನನಗೆ ಹೇಳಿದ್ದರು. ನಮ್ಮ ಮನೆಯ ಚಾಳಿ ಇಷ್ಟು ಬೇಗ ನನ್ನ ನಾಲಿಗೆಗೂ ಹತ್ತಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ನಾನು ಅಳುವುದನ್ನು ಕಂಡು ಅವಳೇ ನನಗೆ ಸಮಾಧಾನ ಹೇಳಿದಳು.

ಮರುವರ್ಷ ಮಾವ ಮತ್ತೆ ಹೈದರಾಬಾದಿಗೆ ಹೋದರು, ಈ ಸಲ ಒಬ್ಬರೇ. ಸಣ್ಣದನ್ನು ಕೊಟ್ಟು ದೊಡ್ಡದನ್ನು ತಂದರು. ಅಂಗಡಿಯ ಮುದುಕ ಏನಂದನೋ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಬಂದವರೇ ಎಲ್ಲರನ್ನೂ ಕರೆದು ಒಂದೇ ಮಾತು ಅಂದರು: "ಇನ್ನ ಮ್ಯಾಲೆ ಗುಂಡು ಹಾರಿದ್ರ ಮೊದಲು ಕೇರಿಗೆ ಹೋಗಿ ಹೇಳ್ರಿ, ಆಮ್ಯಾಲೆ ಮನಿಗೆ ಬರ್ರಿ." ಮಾವನನ್ನು ಕಂಡು ನನಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ. ಇರುವೆಗಳಿಗೆ ಸಕ್ಕರೆ ಹಾಕುವುದನ್ನು ಅವರು ಆ ವರ್ಷವೇ ಬಿಟ್ಟಿದ್ದರು.

ಅವಳಿಗೆ ಮತ್ತೆ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳಲು ಆಗಲಿಲ್ಲ. ಹೊಲದ ಬದುವಿನ ಮೇಲೆ ಕೂತು ಜೋಳದ ಹಕ್ಕಿ ಓಡಿಸುವ ಕೆಲಸ ಕೊಟ್ಟರು. ಒಂದು ದಿನ ಚಹಾ ಒಯ್ದು ನಾನೂ ಅವಳ ಪಕ್ಕ ಕೂತೆ. ಅವಳು ಕಾಲನ್ನು ಕೈಯಿಂದ ಎತ್ತಿ ಸರಿಸಿ ನನಗೆ ಜಾಗ ಮಾಡಿಕೊಟ್ಟಳು.

"ಹೊಸಾ ಬಂದೂಕ ಬಂದದಂತಲ್ರಿ ಅವ್ವಾರ?"

"ಬಂದದ."

"ದೊಡ್ಡದ್ರೀ?"

"ದೊಡ್ಡದು. ಒಂದೇ ಗುಂಡಿಗೆ ಬೀಳ್ತದಂತ."

ಅವಳು ಚಹಾ ಊದಿಕೊಂಡು ಒಂದು ಗುಟುಕು ಕುಡಿದಳು. "ಇಂಥಾದ್ದು ಮೊದಲ ಸಿಗ್ತಿದ್ದಿಲ್ಲೇನ್ರಿ ಆ ಅಂಗಡ್ಯಾಗ?"

ಇಲ್ಲ ಅನ್ನಬಹುದಿತ್ತು. ದವಾಖಾನೆಯಲ್ಲಿ ಹೇಳಿದ ಸುಳ್ಳು ಸಾಕಾಗಿತ್ತು. "ಸಿಗ್ತಿತ್ತು. ಮೇಜಿನ ಮೇಲೆ ನಮ್ಮ ಮುಂದೇ ಇಟ್ಟಿದ್ದ" ಎಂದೆ.

"ಮತ್ತ್ಯಾಕ ತರಲಿಲ್ರಿ?"

"ದೊಡ್ಡದು ತಂದ್ರ ಜೀವ ಹೋಗ್ತದ, ಪಾಪ ಹತ್ತತದಂತ."

"ಯಾರಿಗ್ರೀ?"

ಕುಹಕವಿರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದಳು. ಚಹಾದ ಬಟ್ಟಲನ್ನು ತೊಡೆಯ ಆ ಗಾಯದ ಮೇಲಿಟ್ಟುಕೊಂಡು, ಉತ್ತರಕ್ಕೆಂದು ನನ್ನ ಮುಖವನ್ನೇ ನೋಡುತ್ತ ಕೂತಳು. ಜೋಳದ ಮೇಲೆ ಹಕ್ಕಿಗಳು ಇಳಿದಿದ್ದವು. ಓಡಿಸಲು ನಾನೇ ಎದ್ದು ಹೋದೆ.